ಇವಾನ್ಸ್ ಗ್ಯಾಂಬಿಟ್ ಕಲಿಯಲು ಲಿಚೆಸ್: ಒಂದು ಉಚಿತ ಸೇವೆಯ ವಿಮರ್ಶೆ

ಒಂಟೆಯನ್ನು, ಅಂದರೆ ಬಿಷಪ್ ಕಾಯಿಯನ್ನು, ಮೂರನೆಯ ನಡೆಯಲ್ಲೇ ಸಿ4 ಮನೆಗೆ ತಂದು ಎದುರಾಳಿಯ ರಾಜನ ಪಕ್ಕದ ಎಫ್7 ಮನೆಯ ಮೇಲೆ ಒತ್ತಡ ಹೇರುವ ಇಟಾಲಿಯನ್ ಆರಂಭ ಚದುರಂಗದ ಅತಿ ಹಳೆಯ ಆರಂಭಗಳಲ್ಲಿ ಒಂದು. (ಮನೆಯ ಹೆಸರಿನಲ್ಲಿ ಅಕ್ಷರ ಉದ್ದಸಾಲನ್ನೂ ಅಂಕಿ ಅಡ್ಡಸಾಲನ್ನೂ ಸೂಚಿಸುತ್ತದೆ.) ಆ ವಂಶದಲ್ಲಿ ಅತ್ಯಂತ ಆಕ್ರಮಣಕಾರಿಯಾದ ಕವಲುಗಳಲ್ಲಿ ಇವಾನ್ಸ್ ಗ್ಯಾಂಬಿಟ್ ಮುಖ್ಯವಾದುದು. ನಾಲ್ಕನೆಯ ನಡೆಯಲ್ಲಿ ಬಿಳಿಯ ಆಟಗಾರ ಒಂದು ಕಾಲಾಳನ್ನು ಬಿಟ್ಟುಕೊಟ್ಟು, ಅದಕ್ಕೆ ಪ್ರತಿಯಾಗಿ ಸಮಯವನ್ನೂ ಹಲಗೆಯ ನಡುವಿನ ಮನೆಗಳನ್ನೂ ಎರಡೂ ಒಂಟೆಗಳಿಗೆ ತೆರೆದ ದಾರಿಯನ್ನೂ ಪಡೆಯುವ ಆಟ ಇದು. ಈ ಆರಂಭವನ್ನು ಹೊಸದಾಗಿ ಕಲಿಯಬಯಸುವ ಸಾಮಾನ್ಯ ಆಟಗಾರನಿಗೆ ಲಿಚೆಸ್ ಎಂಬ ಉಚಿತ ಚದುರಂಗ ಸೇವೆ ಎಷ್ಟರ ಮಟ್ಟಿಗೆ ಗುರುವಾಗಬಲ್ಲದು ಎಂಬುದನ್ನು ಇಲ್ಲಿ ಪರಿಶೀಲಿಸಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಇದಕ್ಕೆ ಬೇಕಾದ ಸಾಮಗ್ರಿಯೆಲ್ಲ ಲಿಚೆಸ್‌ನಲ್ಲಿ ಇದೆ, ಆದರೆ ಅದನ್ನು ಯಾವ ಕ್ರಮದಲ್ಲಿ ಬಳಸಬೇಕೆಂದು ಹೇಳುವವರು ಅಲ್ಲಿ ಯಾರೂ ಇಲ್ಲ. ಕ್ರಮ ತಪ್ಪಿದರೆ ಕಲಿಯುವವನು ಈ ಆರಂಭದ ಜೀವಾಳವನ್ನು ಕಾಣುವ ಮೊದಲೇ ಅದನ್ನು ಕೈಬಿಡುವ ಸಂಭವವೇ ಹೆಚ್ಚು.

ಸೇವೆಯ ಪರಿಚಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಫ್ರಾನ್ಸಿನ ತಿಬೋ ದುಪ್ಲೆಸಿ 2010ರಲ್ಲಿ ಆರಂಭಿಸಿದ ಲಿಚೆಸ್ ಇಂದು ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ, ದಾನಿಗಳ ಹಣದಿಂದ ನಡೆಯುತ್ತಿದೆ. ಜಾಹೀರಾತು ಇಲ್ಲ, ಹಣ ಕೊಟ್ಟವರಿಗಷ್ಟೇ ತೆರೆಯುವ ಭಾಗವೂ ಇಲ್ಲ, ತಂತ್ರಾಂಶದ ಮೂಲ ಸಂಕೇತವನ್ನೂ ಎಲ್ಲರಿಗೂ ಮುಕ್ತವಾಗಿ ಇಡಲಾಗಿದೆ. ಜಿಲ್ಲಾ ಮಟ್ಟದ ಪಂದ್ಯಾವಳಿಗೆ ಮಗುವನ್ನು ಸಿದ್ಧಪಡಿಸುತ್ತಿರುವ, ಖಾಸಗಿ ತರಬೇತಿಗೆ ಹಣ ಹೊಂದಿಸಲಾಗದ ತಂದೆತಾಯಿಗೆ ಇದು ದೊಡ್ಡ ಆಸರೆ. ವಿಶ್ವದ ಅಗ್ರ ಆಟಗಾರರು ಬಳಸುವ ಅದೇ ಸ್ಟಾಕ್‌ಫಿಶ್ ಎಂಜಿನ್, ಅಂದರೆ ನಡೆಗಳನ್ನು ಲೆಕ್ಕಹಾಕುವ ತಂತ್ರಾಂಶ, ನಮ್ಮ ಊರಿನ ಮಗುವಿನ ಮನೆಯ ಕಂಪ್ಯೂಟರಿನಲ್ಲೂ ಬ್ರೌಸರ್ ಮೂಲಕವೇ ಕೆಲಸ ಮಾಡುತ್ತದೆ. ಈ ಸಮಾನತೆ ನನಗೆ ಬಹಳ ಮುಖ್ಯವೆನಿಸುತ್ತದೆ.

ಸೇವೆಯ ಗುಣದೋಷಗಳನ್ನು ಅಳೆಯುವ ಮೊದಲು ಕಲಿಯಬೇಕಾದ ವಸ್ತು ಏನೆಂಬುದು ಸ್ಪಷ್ಟವಿರಬೇಕು. ಇಬ್ಬರೂ ರಾಜನ ಕಾಲಾಳನ್ನು ಎರಡು ಮನೆ ಮುಂದೆ ನಡೆಸುತ್ತಾರೆ. ಬಿಳಿಯ ಕುದುರೆ ಎಫ್3ಕ್ಕೆ, ಕಪ್ಪಿನ ಕುದುರೆ ಸಿ6ಕ್ಕೆ ಬರುತ್ತದೆ. ಬಿಳಿಯ ಒಂಟೆ ಸಿ4ರಲ್ಲಿ, ಕಪ್ಪಿನ ಒಂಟೆ ಸಿ5ರಲ್ಲಿ ಎದುರುಬದುರಾಗಿ ನಿಲ್ಲುತ್ತವೆ. ಇಲ್ಲಿಯವರೆಗೆ ಎಲ್ಲವೂ ಶಾಂತ. ಆಗ ಬಿಳಿ ಕಾಲಾಳನ್ನು ಬಿ4ಕ್ಕೆ ನೂಕುತ್ತದೆ. ಕಪ್ಪು ಒಂಟೆ ಅದನ್ನು ಹೊಡೆದರೆ ಬಿಳಿ ಸಿ3 ನಡೆಯಿಂದ ಆ ಒಂಟೆಯನ್ನು ಅಟ್ಟುತ್ತದೆ, ಮುಂದಿನ ನಡೆಯಲ್ಲಿ ಡಿ4ರ ಮೂಲಕ ಹಲಗೆಯ ನಡುವನ್ನು ಒಡೆಯುತ್ತದೆ. ಬಿ ಸಾಲಿನ ಕಾಲಾಳು ಹೋದದ್ದರಿಂದ ಸಿ1ರಲ್ಲಿ ಕುಳಿತಿರುವ ಇನ್ನೊಂದು ಒಂಟೆಗೆ ಎ3 ಮನೆ ತೆರೆಯುತ್ತದೆ. ಅಲ್ಲಿಂದ ಅದರ ದೃಷ್ಟಿ ನೇರವಾಗಿ ಎಫ್8ರ ತನಕ ಹರಿಯುವುದರಿಂದ, ಕಪ್ಪಿನ ರಾಜ ಅನೇಕ ಸ್ಥಿತಿಗಳಲ್ಲಿ ಕ್ಯಾಸ್ಲಿಂಗ್ (ರಾಜನನ್ನು ಆನೆಯ ಕಡೆಗೆ ಸರಿಸಿ ಭದ್ರಪಡಿಸುವ ನಡೆ) ಮಾಡಲಾಗದೆ ನಡುವಿನಲ್ಲೇ ಸಿಕ್ಕಿಬೀಳುತ್ತಾನೆ. ರಾಣಿ ಬಿ3ಕ್ಕೆ ಬಂದು ಸಿ4ರ ಒಂಟೆಯ ಹಿಂದೆ ನಿಂತರೆ ಎಫ್7ರ ಮೇಲಿನ ಒತ್ತಡ ಇಮ್ಮಡಿಯಾಗುತ್ತದೆ.

ಅಟ್ಟಿಸಿಕೊಂಡ ಕಪ್ಪು ಒಂಟೆ ಎಲ್ಲಿಗೆ ಹಿಂದಿರುಗುತ್ತದೆ ಎಂಬುದೇ ಈ ಆರಂಭದ ಕವಲುದಾರಿ. ಸಿ5ಕ್ಕೆ ಹೋದರೆ ಡಿ4 ನಡೆ ಅದನ್ನು ಮತ್ತೊಮ್ಮೆ ಅಟ್ಟುತ್ತದೆ, ಬಿಳಿಗೆ ಇನ್ನೊಂದು ನಡೆ ಉಚಿತವಾಗಿ ದಕ್ಕುತ್ತದೆ. ಎ5ಕ್ಕೆ ಹೋದರೆ ಅದು ಸಿ3ರ ಕಾಲಾಳಿನ ಮೇಲೂ, ಡಿ2 ತೆರೆದ ಕೂಡಲೇ ಅದರ ಹಿಂದಿರುವ ರಾಜನ ಮೇಲೂ ಕಣ್ಣಿಟ್ಟಿರುತ್ತದೆ. ಆದ್ದರಿಂದಲೇ ಹಳೆಯ ಆಟಗಾರರಿಗೆ ಎ5 ಮೊದಲ ಆಯ್ಕೆಯಾಗಿತ್ತು. ಇ7ಕ್ಕೆ ಹೋದರೆ ಕಪ್ಪಿನ ಆಟ ಗಟ್ಟಿಯಾಗುತ್ತದೆ, ಬಿಳಿಯ ದಾಳಿ ನಿಧಾನವಾಗುತ್ತದೆ. ಈ ಮೂರು ಮನೆಗಳ ವ್ಯತ್ಯಾಸವನ್ನು ತಿಳಿದವನಿಗೆ ಉಳಿದ ನಡೆಗಳು ನೆನಪಿನಲ್ಲಿ ಉಳಿಯುತ್ತವೆ. ಇದನ್ನು ತಿಳಿಯದವನು ಎಷ್ಟು ಕವಲುಗಳನ್ನು ಬಾಯಿಪಾಠ ಮಾಡಿದರೂ ಎದುರಾಳಿ ಪಾಠದಿಂದ ಆಚೆ ಹೋದ ಕೂಡಲೇ ದಾರಿ ತಪ್ಪುತ್ತಾನೆ. ಆದುದರಿಂದ ಕಲಿಕೆಯ ಯಾವುದೇ ಸಾಧನಕ್ಕೆ ನಾನು ಒಡ್ಡುವ ಮೊದಲ ಪ್ರಶ್ನೆ, ಅದು ನಡೆಯ ಜೊತೆಗೆ ಕಾರಣವನ್ನೂ ಕಲಿಸುತ್ತದೆಯೇ ಎಂಬುದು.

ಲಿಚೆಸ್ ಪ್ರವೇಶಿಸಿದ ಹೊಸಬ ಸಹಜವಾಗಿ ಮೊದಲು ತೆರೆಯುವುದು ಓಪನಿಂಗ್ ಎಕ್ಸ್‌ಪ್ಲೋರರ್ ಎಂಬ ಭಾಗವನ್ನು. ಹಲಗೆಯ ಮೇಲೆ ಒಂದು ಸ್ಥಿತಿ ತಂದಿಟ್ಟರೆ, ಆ ಸ್ಥಿತಿಯಿಂದ ಯಾವ ಯಾವ ನಡೆಗಳನ್ನು ಎಷ್ಟು ಆಟಗಳಲ್ಲಿ ಆಡಲಾಗಿದೆ, ಬಿಳಿ, ಕಪ್ಪು ಮತ್ತು ಡ್ರಾ ಯಾವ ಪ್ರಮಾಣದಲ್ಲಿ ಬಂದಿವೆ ಎಂಬುದನ್ನು ಅದು ಪಟ್ಟಿ ಮಾಡಿ ತೋರಿಸುತ್ತದೆ. ಇದರಲ್ಲಿ ಮಾಸ್ಟರ್ಸ್ ಎಂಬ ಸಂಗ್ರಹವಿದ್ದು, 1952ರಿಂದ ಈಚೆಗೆ 2200ಕ್ಕಿಂತ ಹೆಚ್ಚಿನ ಫಿಡೆ (ವಿಶ್ವ ಚದುರಂಗ ಸಂಸ್ಥೆ) ರೇಟಿಂಗ್ ಮಟ್ಟದ ಆಟಗಾರರು ಎದುರುಬದುರು ಕುಳಿತು ಆಡಿದ ಸುಮಾರು 20 ಲಕ್ಷ ಆಟಗಳು ಅದರಲ್ಲಿ ಸೇರಿವೆ. ಸಂಗ್ರಹ ಉತ್ತಮವಾದದ್ದೇ, ಶೋಧವೂ ವೇಗವಾಗಿ ನಡೆಯುತ್ತದೆ. ಆದರೆ ಇವಾನ್ಸ್ ಗ್ಯಾಂಬಿಟ್ ಕಲಿಯುವವನಿಗೆ ಈ 1952 ಎಂಬ ಗೆರೆ ಒಂದು ದೊಡ್ಡ ಕೊರತೆ, ಏಕೆಂದರೆ ಈ ಆರಂಭದ ಸುವರ್ಣಕಾಲ ಇಡಿಯಾಗಿ ಆ ಗೆರೆಯ ಆಚೆಗಿದೆ.

ವೇಲ್ಸ್ ದೇಶದ ಹಡಗಿನ ಕಪ್ತಾನ ವಿಲಿಯಂ ಡೇವಿಸ್ ಇವಾನ್ಸ್ ಈ ಬಿ4 ನಡೆಯನ್ನು 1820ರ ದಶಕದಲ್ಲಿ ಲಂಡನ್ನಿನಲ್ಲಿ ಆಡಿ ತೋರಿಸಿದ. ಅವನಿಂದ ಕಲಿತ ಅಲೆಕ್ಸಾಂಡರ್ ಮ್ಯಾಕ್‌ಡೊನೆಲ್ 1834ರಲ್ಲಿ ಫ್ರಾನ್ಸಿನ ಲಾ ಬೂರ್ದೊನೆಯ ಎದುರು ನಡೆದ ಸುದೀರ್ಘ ಪಂದ್ಯಸರಣಿಯಲ್ಲಿ ಅದನ್ನು ಬಳಸಿದ. ಫ್ರೆಂಚ್ ಆಟಗಾರನೂ ಅದನ್ನೇ ಕೈಗೆತ್ತಿಕೊಂಡು ತಿರುಗಿ ಪ್ರಯೋಗಿಸಿದ. ಆಂಡರ್ಸನ್, ಮಾರ್ಫಿ ಇವರ ಕಾಲಕ್ಕೆ ಅದು ಯುರೋಪು, ಅಮೆರಿಕಗಳ ಅಚ್ಚುಮೆಚ್ಚಿನ ಆಟವಾಗಿತ್ತು. ಹವಾನಾದಲ್ಲಿ 1889 ಮತ್ತು 1892ರಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳಲ್ಲಿ ರಷ್ಯದ ಚಿಗೋರಿನ್ ಅದನ್ನು ಆಗಿನ ಚಾಂಪಿಯನ್ ಸ್ಟೈನಿಟ್ಜ್ ವಿರುದ್ಧ ಮತ್ತೆ ಮತ್ತೆ ಆಡಿದ. ಈ ಯಾವ ಆಟವೂ ಮಾಸ್ಟರ್ಸ್ ಸಂಗ್ರಹದಲ್ಲಿ ಬರುವುದಿಲ್ಲ. ಆ ಪಟ್ಟಿಯನ್ನು ಮಾತ್ರ ನೋಡಿದವನಿಗೆ ಇವಾನ್ಸ್ ಗ್ಯಾಂಬಿಟ್ ಎಂದರೆ ದೊಡ್ಡವರು ಅಪರೂಪಕ್ಕೆ ಆಡುವ, ಅಷ್ಟೇನೂ ಗಮನ ಕೊಡಬೇಕಿಲ್ಲದ ಒಂದು ಬದಿಯ ಕವಲು ಎಂಬ ಭಾವನೆ ಬರುತ್ತದೆ. ಹೀಗಾಗಿ ಕಲಿಕೆಯನ್ನು ಎಕ್ಸ್‌ಪ್ಲೋರರ್‌ನಿಂದ ಆರಂಭಿಸಬಾರದು ಎಂಬುದು ನನ್ನ ದೃಢವಾದ ಸಲಹೆ.

ಆರಂಭಿಸಬೇಕಾದದ್ದು ಸ್ಟಡಿ ಎಂಬ ಭಾಗದಿಂದ, ಮತ್ತು ಲಿಚೆಸ್‌ನ ನಿಜವಾದ ಹಿರಿಮೆ ಇರುವುದೂ ಅಲ್ಲಿಯೇ. ಸ್ಟಡಿ ಎಂದರೆ ನಾವೇ ಕಟ್ಟಿಕೊಳ್ಳುವ ಪಾಠದ ಪುಸ್ತಕ. ಒಂದು ಸ್ಟಡಿಯಲ್ಲಿ 64 ಅಧ್ಯಾಯಗಳವರೆಗೆ ಇಡಬಹುದು. ಪ್ರತಿ ಅಧ್ಯಾಯಕ್ಕೂ ಒಂದು ಆಟದ ನಡೆಗಳನ್ನು ಬರೆದಿಡುವ ಪಿಜಿಎನ್ ದಾಖಲೆಯನ್ನು ಅಂಟಿಸಬಹುದು. ಪ್ರತಿ ನಡೆಗೂ ಟಿಪ್ಪಣಿ ಬರೆಯಬಹುದು. ಹಲಗೆಯ ಮೇಲೆ ಬಣ್ಣದ ಬಾಣಗಳನ್ನು ಎಳೆದು ಒಂಟೆಯ ದಾರಿಯನ್ನು ತೋರಿಸಬಹುದು. ಟಿಪ್ಪಣಿಗಳನ್ನು ಕನ್ನಡದಲ್ಲೇ ಬರೆಯಬಹುದು ಎಂಬುದು ನಮ್ಮ ಕಡೆಯ ಶಿಕ್ಷಕರು ಗಮನಿಸಬೇಕಾದ ಸಂಗತಿ. ಚದುರಂಗದ ಆರಂಭಗಳ ಬಗ್ಗೆ ಕನ್ನಡದಲ್ಲಿ ವಿವರವಾದ ಪಠ್ಯ ಸಿಗುವುದು ವಿರಳವಾದ್ದರಿಂದ, ಒಬ್ಬ ಶಿಕ್ಷಕ ಶ್ರಮವಹಿಸಿ ಕನ್ನಡದ ಟಿಪ್ಪಣಿಗಳಿರುವ ಒಂದು ಸ್ಟಡಿಯನ್ನು ಕಟ್ಟಿ ಅದರ ಕೊಂಡಿಯನ್ನು ಮಕ್ಕಳಿಗೆ ಕಳುಹಿಸಿದರೆ, ಇಂಗ್ಲಿಷ್ ಓದಲು ತಡಕಾಡುವ ಮಗುವೂ ಸಿ3 ನಡೆಯನ್ನು ಏಕೆ ಆಡುತ್ತಾರೆ ಎಂಬುದನ್ನು ತನ್ನ ಮಾತಿನಲ್ಲೇ ಓದಿ ತಿಳಿಯುತ್ತದೆ. ಸ್ಟಡಿಯನ್ನು ಎಲ್ಲರಿಗೂ ಕಾಣುವಂತೆ ಇಡುವುದೋ, ಕೊಂಡಿ ಇದ್ದವರಿಗೆ ಮಾತ್ರ ಕಾಣಿಸುವುದೋ ಎಂಬುದನ್ನು ಕಟ್ಟಿದವರೇ ನಿರ್ಧರಿಸಬಹುದು.

ಮೊದಲ ಅಧ್ಯಾಯವಾಗಿ ನಾನು ಸೂಚಿಸುವುದು 1852ರಲ್ಲಿ ಬರ್ಲಿನ್ನಿನಲ್ಲಿ ಅಡಾಲ್ಫ್ ಆಂಡರ್ಸನ್ ಅವರು ಜೀನ್ ಡುಫ್ರೆನ್ ವಿರುದ್ಧ ಆಡಿದ, ಎವರ್‌ಗ್ರೀನ್ ಎಂದು ಹೆಸರಾದ ಆಟವನ್ನು. ಇವಾನ್ಸ್ ಗ್ಯಾಂಬಿಟ್ ಏನನ್ನು ಬಯಸುತ್ತದೆ ಎಂಬುದು ಈ ಒಂದು ಆಟದಲ್ಲಿ ಆದಿಯಿಂದ ಅಂತ್ಯದವರೆಗೆ ಕಾಣುತ್ತದೆ. 11ನೇ ನಡೆಯಲ್ಲಿ ಬಿಳಿಯ ಒಂಟೆ ಎ3ಕ್ಕೆ ಬಂದು ಕೂರುತ್ತದೆ, ಮತ್ತೆ ಬಹಳ ಹೊತ್ತು ಕದಲುವುದಿಲ್ಲ. ಇನ್ನೊಂದು ಒಂಟೆ ಸಿ4ರಿಂದ 16ನೇ ನಡೆಯಲ್ಲಿ ಡಿ3ಕ್ಕೆ ಸರಿದು ಅಲ್ಲಿದ್ದ ಕಾಲಾಳನ್ನು ಹೊಡೆಯುತ್ತದೆ. ಬಿಳಿ 20ನೇ ನಡೆಯಲ್ಲಿ ಆನೆಯನ್ನು, 21ನೇ ನಡೆಯಲ್ಲಿ ರಾಣಿಯನ್ನೇ ಬಲಿಕೊಟ್ಟ ಮೇಲೆ, ಡಿ3ರ ಒಂಟೆ ಎಫ್5ಕ್ಕೆ ಹಾರಿ, ಹಿಂದಿನ ಆನೆಯ ಜೊತೆ ಸೇರಿ ಜೋಡಿ ಚೆಕ್ ಕೊಡುತ್ತದೆ, ಮುಂದಿನ ನಡೆಯಲ್ಲಿ ಡಿ7ಕ್ಕೆ ಬಂದು ರಾಜನನ್ನು ಎಫ್8ಕ್ಕೆ ಅಟ್ಟುತ್ತದೆ. ಅಷ್ಟು ಹೊತ್ತು ಎ3ರಲ್ಲಿ ಕಾದಿದ್ದ ಒಂಟೆ 24ನೇ ನಡೆಯಲ್ಲಿ ಇ7ರ ಕುದುರೆಯನ್ನು ಹೊಡೆದು ಚೆಕ್‌ಮೇಟ್ ಮಾಡುತ್ತದೆ. ಎರಡು ಒಂಟೆಗಳು ಬೇರೆ ಬೇರೆ ಬಣ್ಣದ ಓರೆಸಾಲುಗಳಿಂದ ಬಂದು ಒಂದೇ ರಾಜನನ್ನು ಮುಗಿಸುವ ಈ ಮೂರು ನಡೆಗಳನ್ನು ಕಂಡ ಮಗುವಿಗೆ, ಒಂದು ಕಾಲಾಳನ್ನು ಏಕೆ ಬಿಟ್ಟುಕೊಡಬೇಕೆಂದು ಮತ್ತೆ ವಿವರಿಸುವ ಅಗತ್ಯ ಬೀಳುವುದಿಲ್ಲ.

ಎರಡನೆಯ ಅಧ್ಯಾಯ ಬಾಬಿ ಫಿಷರ್ ಅವರದಾಗಿರಲಿ. 1963ರಲ್ಲಿ ನ್ಯೂಯಾರ್ಕಿನಲ್ಲಿ ರೂಬೆನ್ ಫೈನ್ ಎದುರು ಆಡಿದ ಸ್ನೇಹದ ಆಟ ಅದು, ಕೇವಲ 17 ನಡೆಗಳಲ್ಲಿ ಮುಗಿಯಿತು. ಕಪ್ಪು ಡಿ4ರ ಕಾಲಾಳನ್ನೂ ಸಿ3ರ ಕಾಲಾಳನ್ನೂ ಒಂದರ ಹಿಂದೊಂದು ಹೊಡೆದು ಆಸ್ತಿಯನ್ನು ಹೆಚ್ಚಿಸಿಕೊಂಡರೆ ಏನಾಗುತ್ತದೆ ಎಂಬ ಪ್ರಶ್ನೆ ಕಲಿಯುವ ಪ್ರತಿಯೊಬ್ಬರಿಗೂ ಬರುತ್ತದೆ. ಅದಕ್ಕೆ ಈ ಆಟಕ್ಕಿಂತ ಸ್ಪಷ್ಟವಾದ ಉತ್ತರವನ್ನು ನಾನು ಕಂಡಿಲ್ಲ. ಇಲ್ಲಿ ಫಿಷರ್ ಒಂಟೆಯನ್ನು ಎ3ಕ್ಕೆ ತರದೆ ಬಿ2ಕ್ಕೆ ತರುತ್ತಾರೆ, ಅಲ್ಲಿಂದ ಅದು ಜಿ7ರ ಕಾಲಾಳನ್ನು ಹೊಡೆಯುತ್ತದೆ. ಕೊನೆಯ ನಡೆಯಲ್ಲಿ ರಾಣಿಯನ್ನು ಜಿ3ರಲ್ಲಿ ಎದುರಾಳಿಯ ರಾಣಿಯ ಬಾಯಿಗೇ ಒಡ್ಡುತ್ತಾರೆ. ಅದನ್ನು ಹೊಡೆದರೆ ಒಂಟೆ ಎಫ್6ಕ್ಕೆ ಬಂದು ಚೆಕ್‌ಮೇಟ್. ಫೈನ್ ಅಲ್ಲಿಗೇ ಆಟ ಬಿಟ್ಟುಕೊಟ್ಟರು. ಇಂತಹ ಆಟಗಳನ್ನು ಸ್ಟಡಿಗೆ ಹಾಕಿಕೊಂಡು, ಮುಂದಿನ ನಡೆಗಳನ್ನು ಮರೆಮಾಡುವ ಆಯ್ಕೆಯನ್ನು ಬಳಸಿ, ಪ್ರತಿ ಸ್ಥಿತಿಯಲ್ಲೂ ತಾನಾಗಿದ್ದರೆ ಏನು ಆಡುತ್ತಿದ್ದೆ ಎಂದು ಯೋಚಿಸುತ್ತಾ ಸಾಗಬೇಕು. ಶಿಕ್ಷಕರು ಬಯಸಿದರೆ ಅಧ್ಯಾಯವನ್ನು ಸಂವಾದದ ಪಾಠವಾಗಿಯೂ ಮಾರ್ಪಡಿಸಬಹುದು. ಆಗ ವಿದ್ಯಾರ್ಥಿಯೇ ನಡೆ ಆಡಬೇಕು, ತಪ್ಪು ನಡೆಗೆ ಶಿಕ್ಷಕ ಮೊದಲೇ ಬರೆದಿಟ್ಟ ವಿವರಣೆ ಕಾಣಿಸುತ್ತದೆ. ಕಾರಣವನ್ನು ಕಲಿಸುತ್ತದೆಯೇ ಎಂಬ ನನ್ನ ಮೊದಲ ಪ್ರಶ್ನೆಗೆ ಲಿಚೆಸ್‌ನಲ್ಲಿ ಸಮರ್ಪಕ ಉತ್ತರ ಸಿಗುವುದು ಇಲ್ಲಿ ಮಾತ್ರ. ಅದೂ ಯಾರಾದರೂ ಒಬ್ಬರು ಕುಳಿತು ಕಾರಣವನ್ನು ಬರೆದಿಟ್ಟಿದ್ದರೆ.

ಸಾರ್ವಜನಿಕವಾಗಿ ಲಭ್ಯವಿರುವ ಸ್ಟಡಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಇವಾನ್ಸ್ ಎಂದು ಹುಡುಕಿದರೆ ಬಳಕೆದಾರರು ಕಟ್ಟಿದ ಹಲವು ಸ್ಟಡಿಗಳು ಸಿಗುತ್ತವೆ, ಆದರೆ ಅವುಗಳ ಗುಣಮಟ್ಟದಲ್ಲಿ ಅಜಗಜಾಂತರವಿದೆ. ಕೆಲವನ್ನು ಅನುಭವಿ ಆಟಗಾರರು ಶ್ರದ್ಧೆಯಿಂದ ಬರೆದಿದ್ದಾರೆ. ಇನ್ನು ಕೆಲವು ಎದುರಾಳಿ ತಪ್ಪು ಮಾಡಿದರೆ ಮಾತ್ರ ಕೆಲಸ ಮಾಡುವ ಬಲೆಗಳ ಸಂಗ್ರಹ. ಕಪ್ಪಿನ ಅತ್ಯುತ್ತಮ ಉತ್ತರಕ್ಕೆ ಒಂದು ಅಧ್ಯಾಯವನ್ನೂ ಮೀಸಲಿಡದ ಸ್ಟಡಿಯನ್ನು ನಂಬಬಾರದು. ಹೊಸದಾಗಿ ಒಂದು ಸ್ಟಡಿ ತೆರೆದಾಗ ನಾನು ಮೊದಲು ನೋಡುವುದು ಅದರಲ್ಲಿ ಲಾಸ್ಕರ್ ರಕ್ಷಣೆಯ ಅಧ್ಯಾಯ ಇದೆಯೇ ಎಂದು.

ಲಾಸ್ಕರ್ ರಕ್ಷಣೆಗೆ ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ. ಹಿಂದಿನ ವಿಶ್ವ ಚಾಂಪಿಯನ್ ಎಮಾನುಯೆಲ್ ಲಾಸ್ಕರ್ ಅವರ ಹೆಸರಿನ ಈ ಪದ್ಧತಿಯಲ್ಲಿ ಕಪ್ಪು ಗಳಿಸಿದ ಕಾಲಾಳಿಗೆ ಅಂಟಿಕೊಳ್ಳುವುದೇ ಇಲ್ಲ. ಒಂಟೆ ಎ5ಕ್ಕೆ ಹೋದ ಮೇಲೆ ಬಿಳಿ ಆರನೆಯ ನಡೆಯಲ್ಲಿ ಕ್ಯಾಸ್ಲಿಂಗ್ ಮಾಡಿದರೆ, ಕಪ್ಪು ಡಿ6 ಆಡಿ, ಡಿ4ಕ್ಕೆ ಉತ್ತರವಾಗಿ ಒಂಟೆಯನ್ನು ಬಿ6ಕ್ಕೆ ಸರಿಸುತ್ತದೆ. ಬಿಳಿ ಇ5ರಲ್ಲಿ ಹೊಡೆದರೆ ಕಪ್ಪೂ ಹೊಡೆಯುತ್ತದೆ, ರಾಣಿಗಳು ಡಿ8ರಲ್ಲಿ ಅದಲುಬದಲಾಗುತ್ತವೆ, ಬಿಳಿಯ ಕುದುರೆ ಇ5ರ ಕಾಲಾಳನ್ನು ಹೊಡೆದು ಲೆಕ್ಕ ಸಮ ಮಾಡುತ್ತದೆ. ಕಾಯಿಗಳು ಸಮವಾದರೂ ದಾಳಿ ಉಳಿದಿರುವುದಿಲ್ಲ, ಬಿಳಿಯ ಎ ಮತ್ತು ಸಿ ಸಾಲಿನ ಕಾಲಾಳುಗಳು ಒಂಟಿಯಾಗಿ ನಿಂತಿರುತ್ತವೆ. ಆಕ್ರಮಣಕ್ಕಾಗಿ ಈ ಆರಂಭವನ್ನು ಆರಿಸಿಕೊಂಡವನು ರಾಣಿಯಿಲ್ಲದ, ನೀರಸವಾದ, ತುಸು ಕೆಳಗಿನ ಕೈಯ ಅಂತ್ಯದಾಟವನ್ನು ಆಡಬೇಕಾಗುತ್ತದೆ. ಇದಕ್ಕೆ ಪರಿಹಾರ ನಡೆಗಳ ಕ್ರಮದಲ್ಲಿದೆ: ಆರನೆಯ ನಡೆಯಲ್ಲಿ ಕ್ಯಾಸ್ಲಿಂಗ್ ಬದಲು ಡಿ4 ಆಡಬೇಕು, ಕಪ್ಪು ಡಿ6 ಆಡಿದರೆ ರಾಣಿಯನ್ನು ಬಿ3ಕ್ಕೆ ತರಬೇಕು. ಆಗ ಎಫ್7ರ ಮೇಲೆ ಬೆದರಿಕೆ ತಕ್ಷಣವೇ ಬರುತ್ತದೆ, ರಾಣಿಗಳ ಅದಲುಬದಲು ಅಷ್ಟು ಸುಲಭವಾಗುವುದಿಲ್ಲ. ಎಕ್ಸ್‌ಪ್ಲೋರರ್ ಪಟ್ಟಿಯಲ್ಲಿ ಡಿ4 ಮತ್ತು ಕ್ಯಾಸ್ಲಿಂಗ್ ಎರಡೂ ಒಂದರ ಕೆಳಗೊಂದು ಕಾಣುತ್ತವೆ, ಎರಡಕ್ಕೂ ಶೇಕಡಾವಾರು ಅಂಕಿಗಳಿವೆ. ಈ ಎರಡು ನಡೆಗಳ ನಡುವೆ ಇರುವ ವ್ಯತ್ಯಾಸ ಇಡೀ ಆಟದ ಸ್ವರೂಪವನ್ನೇ ಬದಲಿಸುತ್ತದೆ ಎಂಬುದನ್ನು ಆ ಅಂಕಿಗಳು ಹೇಳುವುದಿಲ್ಲ.

ಹೀಗೆ ಹೇಳಿದ ಮಾತ್ರಕ್ಕೆ ಎಕ್ಸ್‌ಪ್ಲೋರರ್ ನಿರುಪಯೋಗಿ ಎಂದು ತಿಳಿಯಬಾರದು. ಆಟದ ಉದ್ದೇಶ ಅರ್ಥವಾದ ಮೇಲೆ ಅದು ಅಮೂಲ್ಯವಾಗುತ್ತದೆ, ಅದರಲ್ಲೂ ಮಾಸ್ಟರ್ಸ್ ಬದಲು ಲಿಚೆಸ್ ಎಂಬ ಇನ್ನೊಂದು ಸಂಗ್ರಹವನ್ನು ಆರಿಸಿಕೊಂಡಾಗ. ಈ ಸೇವೆಯಲ್ಲೇ ನಡೆದ ಆಟಗಳ ಸಂಗ್ರಹ ಅದು. ರೇಟಿಂಗ್ ಮಟ್ಟ ಮತ್ತು ಆಟದ ವೇಗ ಎರಡರ ಪ್ರಕಾರವೂ ಅದನ್ನು ಸೋಸಬಹುದು. ತನ್ನ ಮಟ್ಟದ ಆಟಗಾರರನ್ನು ಮಾತ್ರ ಉಳಿಸಿಕೊಂಡು, ಅತಿ ವೇಗದ ಬುಲೆಟ್ ಮತ್ತು ಬ್ಲಿಟ್ಜ್ ಆಟಗಳನ್ನು ತೆಗೆದುಹಾಕಿ, ಹೆಚ್ಚು ಸಮಯವಿರುವ ರಾಪಿಡ್ ಮತ್ತು ಕ್ಲಾಸಿಕಲ್ ಆಟಗಳನ್ನಷ್ಟೇ ನೋಡಿದರೆ, ತನ್ನ ಮುಂದಿನ ಎದುರಾಳಿ ಬಿ4 ನಡೆಗೆ ಏನು ಉತ್ತರ ಕೊಡುವ ಸಂಭವವಿದೆ ಎಂಬುದರ ನಿಜವಾದ ಚಿತ್ರ ಸಿಗುತ್ತದೆ. ಕಾಲಾಳನ್ನು ಹೊಡೆಯದೆ ಒಂಟೆಯನ್ನು ಬಿ6ಕ್ಕೆ ಹಿಂದೆಗೆಯುವವರೂ ಸಾಕಷ್ಟು ಮಂದಿ ಇರುವುದು ಅಲ್ಲಿ ಕಾಣುತ್ತದೆ, ಅದಕ್ಕೆ ಎ4 ನಡೆಯನ್ನು ಸಿದ್ಧಪಡಿಸಿಕೊಂಡಿರಬೇಕೆಂಬ ಎಚ್ಚರ ಮೂಡುತ್ತದೆ. ಇಷ್ಟಾದರೂ ಗೆಲುವಿನ ಶೇಕಡಾವಾರನ್ನು ನಡೆಯ ಯೋಗ್ಯತೆ ಎಂದು ಓದಬಾರದು. ಗೆದ್ದವನು ಆರಂಭದ ಬಲದಿಂದ ಗೆದ್ದನೋ ಮೂವತ್ತನೆಯ ನಡೆಯಲ್ಲಿ ಎದುರಾಳಿ ಆನೆಯನ್ನು ಕಳೆದುಕೊಂಡದ್ದರಿಂದ ಗೆದ್ದನೋ ಎಂಬುದನ್ನು ಆ ಅಂಕಿ ಬೇರ್ಪಡಿಸುವುದಿಲ್ಲ. ರೇಟಿಂಗ್ ಆರಿಸುವಾಗ ಇನ್ನೊಂದು ವಿಷಯ ನೆನಪಿರಲಿ: ಲಿಚೆಸ್ ಹೊಸ ಆಟಗಾರನನ್ನು 1500ರಿಂದ ಆರಂಭಿಸುತ್ತದೆ, ಅದರ ಲೆಕ್ಕಾಚಾರದ ವಿಧಾನವೂ ಬೇರೆ, ಆದ್ದರಿಂದ ಅಲ್ಲಿನ ಅಂಕಿಯನ್ನು ಫಿಡೆ ರೇಟಿಂಗ್ ಜೊತೆ ನೇರವಾಗಿ ಹೋಲಿಸಲು ಬರುವುದಿಲ್ಲ.

ಎಂಜಿನ್ ವಿಷಯದಲ್ಲಿ ನನ್ನ ನಿಲುವು ಇನ್ನೂ ಬಿಗಿಯಾದುದು. ಬಿ4 ನಡೆ ಆಡಿದ ಕೂಡಲೇ ಸ್ಟಾಕ್‌ಫಿಶ್ ಹಾಕಿ ನೋಡಿದರೆ, ನಿಖರವಾಗಿ ಆಡಿದರೆ ಕಪ್ಪಿಗೆ ಭಯಪಡುವಂಥದ್ದೇನೂ ಇಲ್ಲ ಎಂಬ ಅರ್ಥದ ಅಂಕಿಯನ್ನು ಅದು ತೋರಿಸುತ್ತದೆ. ಅದು ಸುಳ್ಳಲ್ಲ. ಆದರೆ ಅದು ದಣಿವಿಲ್ಲದ, ಭಯವಿಲ್ಲದ ಯಂತ್ರವೊಂದು ತನ್ನಂಥದೇ ಇನ್ನೊಂದು ಯಂತ್ರದ ಎದುರು ಆಡಿದರೆ ಬರುವ ಫಲ. ಗ್ಯಾಂಬಿಟ್ಟಿನ ಬಲ ಇರುವುದು, ಗಡಿಯಾರ ಓಡುತ್ತಿರುವಾಗ ಎದುರಾಳಿ ಒಂದಾದ ಮೇಲೊಂದು ಕಷ್ಟದ ನಿರ್ಧಾರವನ್ನು ತೆಗೆದುಕೊಳ್ಳಬೇಕಾಗುವುದರಲ್ಲಿ. ಆದ್ದರಿಂದ ಕಲಿಕೆಯ ಮೊದಲ ಹಂತದಲ್ಲಿ ಎಂಜಿನ್ ಮುಚ್ಚಿಯೇ ಇರಲಿ. ಸ್ವತಃ ಆಡಿದ ಆಟಗಳು ಒಂದಷ್ಟು ಕೂಡಿದ ಮೇಲೆ ಅವನ್ನು ತೆರೆದು, ಕಂಪ್ಯೂಟರ್ ವಿಶ್ಲೇಷಣೆಯನ್ನು ಕೋರಿ, ನಿಮ್ಮ ತಪ್ಪುಗಳಿಂದ ಕಲಿಯಿರಿ ಎಂಬ ಅರ್ಥದ ಗುಂಡಿಯನ್ನು ಒತ್ತಬೇಕು. ತಾನು ಎಡವಿದ ಸ್ಥಿತಿಗಳನ್ನು ಅದು ಒಂದೊಂದಾಗಿ ಮುಂದಿಟ್ಟು, ಸರಿಯಾದ ನಡೆಯನ್ನು ಮತ್ತೆ ಹುಡುಕಲು ಹೇಳುತ್ತದೆ. ದಾಳಿ ಎಲ್ಲಿ ತಣ್ಣಗಾಯಿತು ಎಂಬುದನ್ನು ಕಂಡುಕೊಳ್ಳಲು ಇದಕ್ಕಿಂತ ಪ್ರಾಮಾಣಿಕವಾದ ಸಹಾಯವನ್ನು ಉಚಿತವಾಗಿ ಕೊಡುವ ಇನ್ನೊಂದು ಸಾಧನ ನನಗೆ ತಿಳಿದಿಲ್ಲ.

ಎಕ್ಸ್‌ಪ್ಲೋರರ್, ಎಂಜಿನ್ ಮತ್ತು ಸ್ಟಡಿ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕಾದ ಆಟವೊಂದಿದೆ. ಅದು 1995ರಲ್ಲಿ ರೀಗಾದಲ್ಲಿ ನಡೆದ ತಾಲ್ ಸ್ಮಾರಕ ಪಂದ್ಯಾವಳಿಯಲ್ಲಿ ಗ್ಯಾರಿ ಕ್ಯಾಸ್ಪರೋವ್ ನಮ್ಮ ವಿಶ್ವನಾಥನ್ ಆನಂದ್ ಅವರನ್ನು 25 ನಡೆಗಳಲ್ಲಿ ಸೋಲಿಸಿದ ಆಟ. ವಿಶ್ವದ ಅಗ್ರ ಆಟಗಾರರ ನಡುವೆ ಈ ಆರಂಭ ಕಾಣಿಸಿಕೊಳ್ಳುವುದು ಅಪರೂಪವಾಗಿದ್ದ ಕಾಲ ಅದು. ಆನಂದ್ ಗಟ್ಟಿಯಾದ ಉತ್ತರವನ್ನೇ ಆರಿಸಿಕೊಂಡು ಒಂಟೆಯನ್ನು ಇ7ಕ್ಕೆ ಹಿಂದೆಗೆದರು, ಡಿ4 ನಡೆಗೆ ಕುದುರೆಯನ್ನು ಎ5ಕ್ಕೆ ತಂದು ಸಿ4ರ ಒಂಟೆಯನ್ನು ಪ್ರಶ್ನಿಸಿದರು. ಆಗ ಕ್ಯಾಸ್ಪರೋವ್ ಆ ಒಂಟೆಯನ್ನು ಇ2ಕ್ಕೆ ಹಿಂದೆ ಸರಿಸಿದರು. ಒಂಟೆಯ ದಾಳಿಗೆಂದೇ ಹೆಸರಾದ ಆರಂಭದಲ್ಲಿ ಮುಖ್ಯ ದಾಳಿಕೋರನೇ ಮನೆಗೆ ಮರಳುವ ಈ ನಡೆ ಹೊಸಬನಿಗೆ ವಿಚಿತ್ರವಾಗಿ ಕಾಣುತ್ತದೆ. ಆದರೆ ಆ ನಡೆಯ ಬೆಲೆ ಸ್ವಲ್ಪ ಹೊತ್ತಿನಲ್ಲೇ ತಿಳಿಯುತ್ತದೆ: ಕಪ್ಪಿನ ಕುದುರೆ ಎ5ರಲ್ಲಿ ಬದಿಗೆ ಬಿದ್ದಿದೆ, ಬಿಳಿಯ ರಾಣಿ ಡಿ4ರಿಂದ ಎಚ್4ಕ್ಕೂ ಅಲ್ಲಿಂದ ಜಿ3ಕ್ಕೂ ಹೋಗಿ ಕಪ್ಪಿನ ರಾಜನ ಬದಿಯನ್ನು ಕಟ್ಟಿಹಾಕುತ್ತದೆ, ಇ5ಕ್ಕೆ ಮುನ್ನಡೆದ ಕಾಲಾಳು ಕುದುರೆಗಳಿಗೆ ನೆಲೆ ಸಿಗದಂತೆ ಮಾಡುತ್ತದೆ, 15ನೇ ನಡೆಯಲ್ಲಿ ಇನ್ನೊಂದು ಒಂಟೆ ಎಚ್6ಕ್ಕೆ ಬಂದು ಕ್ಯಾಸ್ಲಿಂಗ್ ಮಾಡುವ ದಾರಿಯನ್ನೇ ಮುಚ್ಚುತ್ತದೆ. ಒಂಟೆಯ ದಾಳಿ ಎಂದರೆ ಒಂಟೆಯನ್ನು ಸಿ4ರಲ್ಲಿ ಹಟಹಿಡಿದು ನಿಲ್ಲಿಸುವುದಲ್ಲ, ಕಪ್ಪು ಕಾಯಿಗಳು ಹೊರಬರಲು ಬೇಕಾದ ಸಮಯವನ್ನು ಕಸಿಯುವುದು ಎಂಬುದು ಈ ಆಟವನ್ನು ಬಿಡಿಸಿ ನೋಡಿದ ಆಟಗಾರನಿಗೆ ಮನದಟ್ಟಾಗುತ್ತದೆ. ನನ್ನ ಮಟ್ಟಿಗೆ ಇವಾನ್ಸ್ ಗ್ಯಾಂಬಿಟ್ಟಿನ ಆಧುನಿಕ ಪಾಠ ಇಡಿಯಾಗಿ ಈ ಒಂದು ಆಟದಲ್ಲಿದೆ. ಅದಕ್ಕೆ ಸ್ಟಡಿಯಲ್ಲಿ ಒಂದಲ್ಲ, ಹಲವು ಅಧ್ಯಾಯಗಳನ್ನು ಕೊಡಬಹುದು.

ಒಗಟುಗಳ ವಿಭಾಗವನ್ನು ಹೆಚ್ಚಿನವರು ಸಮಯ ಕಳೆಯಲು ಬಳಸುತ್ತಾರೆ. ಆದರೆ ಅದನ್ನು ಆರಂಭದ ಹೆಸರಿನ ಪ್ರಕಾರವೂ ತಂತ್ರದ ಪ್ರಕಾರವೂ ವಿಂಗಡಿಸಿ ಬಿಡಿಸಲು ಸಾಧ್ಯ. ಇಟಾಲಿಯನ್ ಆರಂಭದಿಂದ ಹುಟ್ಟಿದ ಒಗಟುಗಳು, ಎಫ್2 ಅಥವಾ ಎಫ್7ರ ಮೇಲಿನ ದಾಳಿ, ಜೋಡಿ ಚೆಕ್, ಎರಡು ಒಂಟೆಗಳ ಚೆಕ್‌ಮೇಟ್, ಎರಡು ಒಂಟೆಗಳು ಒಂದನ್ನೊಂದು ಕತ್ತರಿಸುವ ಓರೆಸಾಲುಗಳಿಂದ ಮಾಡುವ ಬೋಡನ್ ಚೆಕ್‌ಮೇಟ್ ಎಂಬ ಪ್ರತ್ಯೇಕ ಗುಂಪುಗಳು ಅಲ್ಲಿವೆ. ಎವರ್‌ಗ್ರೀನ್ ಆಟವನ್ನು ಓದಿದ ವಾರದಲ್ಲೇ ಜೋಡಿ ಚೆಕ್ಕಿನ ಒಗಟುಗಳನ್ನು ಬಿಡಿಸಿದರೆ ಕಣ್ಣು ಪಳಗುತ್ತದೆ.

ಈ ಸೇವೆಯ ಗಂಭೀರವಾದ ಕೊರತೆ ಪುನರಾವರ್ತನೆಯ ವಿಷಯದಲ್ಲಿದೆ. ಕಲಿತ ಕವಲು ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳಿ, ತಪ್ಪಿದ್ದನ್ನು ಹೆಚ್ಚು ಬಾರಿ ಕೇಳುವ ವ್ಯವಸ್ಥೆ ಚೆಸೆಬಲ್ ಎಂಬ ಸೇವೆಯ ತಿರುಳು; ಅಲ್ಲಿ ಪರಿಣತರು ಬರೆದ ಆರಂಭಗಳ ಪಾಠಗಳು ಮಾರಾಟಕ್ಕಿವೆ, ಉಚಿತವಾದ ಚಿಕ್ಕ ಪಾಠಗಳೂ ಇವೆ. ಲಿಚೆಸ್‌ನ ಸ್ಟಡಿ ನಾವು ನೆನಪಿಸಿಕೊಂಡು ತೆರೆದರೆ ಮಾತ್ರ ತೆರೆಯುತ್ತದೆ, ಯಾವ ಅಧ್ಯಾಯ ಮರೆತುಹೋಗಿದೆ ಎಂದು ಅದು ತಾನಾಗಿ ಹೇಳುವುದಿಲ್ಲ. ಶಿಸ್ತಿನಿಂದ ಓದುವ ಅಭ್ಯಾಸವಿಲ್ಲದವರಿಗೆ ಇದು ನಿಜವಾದ ತೊಡಕು. ಇವಾನ್ಸ್ ಗ್ಯಾಂಬಿಟ್ಟಿನ ಮಟ್ಟಿಗೆ ಮಾತ್ರ ನಾನು ಇದನ್ನು ಮಾರಕವೆಂದು ಎಣಿಸುವುದಿಲ್ಲ, ಏಕೆಂದರೆ ಈ ಆರಂಭದಲ್ಲಿ ಬಾಯಿಪಾಠಕ್ಕಿಂತ ಸ್ಥಿತಿಯನ್ನು ಓದುವ ಶಕ್ತಿಗೆ ಹೆಚ್ಚಿನ ಬೆಲೆಯಿದೆ. ಇನ್ನು ಮೊಬೈಲ್ ಪರದೆಯ ಮೇಲೆ ಹಲಗೆ, ನಡೆಗಳ ಪಟ್ಟಿ, ಟಿಪ್ಪಣಿ, ಎಕ್ಸ್‌ಪ್ಲೋರರ್ ಎಲ್ಲವನ್ನೂ ಒಟ್ಟಿಗೆ ನೋಡುವುದು ಕಷ್ಟ. ಅಧ್ಯಯನಕ್ಕೆ ಕಂಪ್ಯೂಟರನ್ನೇ ಬಳಸುವುದು ಒಳ್ಳೆಯದು.

ಕಲಿತದ್ದನ್ನು ಆಡಿ ನೋಡುವ ಅವಕಾಶಗಳ ಬಗ್ಗೆ ನನಗೆ ಬಹಳ ಮೆಚ್ಚುಗೆಯಿದೆ. ಇವಾನ್ಸ್ ಗ್ಯಾಂಬಿಟ್ಟಿನ ಒಂದು ಕಷ್ಟವೆಂದರೆ, ಎದುರಾಳಿ ಸಹಕರಿಸಿದರೆ ಮಾತ್ರ ಅದು ಹಲಗೆಯ ಮೇಲೆ ಬರುತ್ತದೆ. ಕಪ್ಪು ಮೊದಲ ನಡೆಯಲ್ಲೇ ಸಿ5 ಆಡಿ ಸಿಸಿಲಿಯನ್ ಹಿಡಿದರೆ ಎಲ್ಲ ಸಿದ್ಧತೆಯೂ ಮುಂದಿನ ಆಟಕ್ಕೆ ಕಾಯಬೇಕಾಗುತ್ತದೆ. ಲಿಚೆಸ್‌ನಲ್ಲಿ ಗೆಳೆಯರಿಬ್ಬರು ಸಿ3 ನಡೆಯ ನಂತರದ ಸ್ಥಿತಿಯನ್ನೇ ಆರಂಭವಾಗಿಟ್ಟುಕೊಂಡು, ಬಣ್ಣ ಬದಲಿಸಿ ಬದಲಿಸಿ ಆಡಬಹುದು. ಅಂತಹ ಆಟಗಳು ರೇಟಿಂಗಿಗೆ ಸೇರುವುದಿಲ್ಲ, ಆದ್ದರಿಂದ ಅಂಜಿಕೆಯೂ ಇರುವುದಿಲ್ಲ. ಶಾಲೆಯ ಚದುರಂಗ ಕೂಟದವರು ಇದೇ ಸ್ಥಿತಿಯಿಂದ ಪ್ರಾರಂಭವಾಗುವ ಒಂದು ಚಿಕ್ಕ ಅರೇನಾ (ನಿಗದಿತ ಅವಧಿಯಲ್ಲಿ ಆದಷ್ಟು ಆಟಗಳನ್ನು ಆಡುವ) ಪಂದ್ಯಾವಳಿಯನ್ನೇ ಏರ್ಪಡಿಸಬಹುದು. ಕಪ್ಪಿನ ಕಡೆಯಿಂದಲೂ ಆಡಿದಾಗ, ಎಲ್ಲಿ ಉಸಿರು ಕಟ್ಟುತ್ತದೆ, ಎಲ್ಲಿ ನೆಮ್ಮದಿ ಸಿಗುತ್ತದೆ ಎಂಬುದು ಮಗುವಿಗೆ ಯಾವ ಟಿಪ್ಪಣಿಗಿಂತಲೂ ಚೆನ್ನಾಗಿ ಅರಿವಾಗುತ್ತದೆ. ನಡೆಗೆ ಒಂದೆರಡು ದಿನ ಸಮಯವಿರುವ ಕರೆಸ್ಪಾಂಡೆನ್ಸ್ ಆಟಗಳನ್ನು ನಾನು ವಿಶೇಷವಾಗಿ ಶಿಫಾರಸು ಮಾಡುತ್ತೇನೆ. ಅಂತಹ ಆಟ ನಡೆಯುತ್ತಿರುವಾಗಲೇ ಓಪನಿಂಗ್ ಎಕ್ಸ್‌ಪ್ಲೋರರ್ ತೆರೆದು ನೋಡುವುದಕ್ಕೆ ನಿಯಮದ ಅನುಮತಿಯಿದೆ, ಎಂಜಿನ್ನಿಗೆ ಮಾತ್ರ ಇಲ್ಲ. ಪ್ರತಿ ನಡೆಗೂ ಹಳೆಯ ಆಟಗಳನ್ನು ಹುಡುಕಿ, ಓದಿ, ತೂಗಿ ಆಡುವಾಗ ಆರಂಭದ ಜ್ಞಾನ ಗಟ್ಟಿಯಾಗಿ ಕೂರುತ್ತದೆ. ಬೇರೆ ವೇಗದ ಆಟಗಳಲ್ಲಿ ಈ ನೆರವು ಪಡೆಯುವುದು ವಂಚನೆಯಾಗುತ್ತದೆ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿರಬೇಕು.

ಈ ಕಲಿಕೆಯ ಜೊತೆಗೆ ಇನ್ನೊಂದು ಸ್ಟಡಿಯನ್ನೂ ಕಟ್ಟಿಕೊಳ್ಳುವುದು ಅನಿವಾರ್ಯ. ಬಿಳಿಯ ಒಂಟೆ ಸಿ4ಕ್ಕೆ ಬಂದಾಗ ಕಪ್ಪು ಒಂಟೆಯ ಬದಲು ಕುದುರೆಯನ್ನು ಎಫ್6ಕ್ಕೆ ತಂದರೆ ಇವಾನ್ಸ್ ಆಡುವ ಅವಕಾಶವೇ ಇರುವುದಿಲ್ಲ. ಆಗ ಕುದುರೆಯನ್ನು ಜಿ5ಕ್ಕೆ ನುಗ್ಗಿಸಿ ಎಫ್7ರ ಮೇಲೆ ಬೀಳುವುದು ಮಕ್ಕಳಿಗೆಲ್ಲ ಗೊತ್ತಿರುವ ದಾರಿ. ಕಪ್ಪು ಡಿ5 ಆಡಿ, ಬಿಳಿ ಅದನ್ನು ಹೊಡೆದ ಮೇಲೆ ಕಪ್ಪೂ ಕುದುರೆಯಿಂದ ಮರಳಿ ಹೊಡೆದರೆ, ಎಫ್7ರಲ್ಲಿ ಕುದುರೆಯನ್ನು ಬಲಿಕೊಟ್ಟು ರಾಜನನ್ನು ಬಯಲಿಗೆಳೆಯುವ ಫ್ರೈಡ್ ಲಿವರ್ ದಾಳಿ ಬರುತ್ತದೆ. ಕುದುರೆಯನ್ನು ಎ5ಕ್ಕೆ ತರುವ ತಿಳಿದ ಎದುರಾಳಿಯ ಮುಂದೆ ಬಿಳಿ ಒಂದು ಕಾಲಾಳಿನ ಲಾಭದೊಂದಿಗೆ ರಕ್ಷಣೆಗೆ ಇಳಿಯಬೇಕಾಗುತ್ತದೆ. ಕಾಲಾಳು ಕೊಟ್ಟು ದಾಳಿ ಮಾಡಲು ಬಯಸುವವನ ಸ್ವಭಾವಕ್ಕೆ ನಾಲ್ಕನೆಯ ನಡೆಯಲ್ಲಿ ಡಿ4 ಆಡಿ ನಡುವನ್ನು ಒಡೆಯುವ ದಾರಿಯೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಇವಾನ್ಸ್ ಸ್ಟಡಿಯ ಪಕ್ಕದಲ್ಲಿ ಇದಕ್ಕೂ ನಾಲ್ಕೈದು ಅಧ್ಯಾಯಗಳು ಸಿದ್ಧವಾಗಿದ್ದರೆ, ಮೂರನೆಯ ನಡೆಯಲ್ಲಿ ಒಂಟೆಯನ್ನು ಸಿ4ಕ್ಕೆ ತರುವ ಆಟಗಾರ ಶಾಲಾ ಮಟ್ಟದ ಹಾಗೂ ಜಿಲ್ಲಾ ಮಟ್ಟದ ಪಂದ್ಯಗಳಿಗೆ ಧೈರ್ಯವಾಗಿ ಕೂರಬಹುದು. ಅದಕ್ಕೆ ಬೇಕಾದ ಎಲ್ಲ ಸಲಕರಣೆಯೂ ಲಿಚೆಸ್‌ನಲ್ಲಿ ಒಂದು ಪೈಸೆಯ ಖರ್ಚಿಲ್ಲದೆ ದೊರೆಯುತ್ತದೆ.